ಹಲಗೆ ಕಾಯಿಸುವ ಹುಲ್ಲು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ನನಗಿರುವುದು ಅದೇ ರೋಗ, ಮುಚ್ಚಿಡುವುದೇನು?

ನಾನು ಹಾರ್ಮೋನಿಯಂ ಷಣ್ಮುಖಪ್ಪ. ನಂಜುಂಡಪ್ಪ ಸಾಹುಕಾರರ ಬಯಸ್ಕೋಪ್ ಟೆಂಟು ಬೀರೂರಿಗೆ ಬಂದಾಗಲೆಲ್ಲ ಪರದೆಯ ಪಕ್ಕದ ಮಣೆ ನನ್ನದು. ಆಗಿನ ಚಿತ್ರಗಳಿಗೆ ಬಾಯಿಲ್ಲ. ಅಳು, ನಗು, ಮಳೆ, ಮದುವೆ ಎಲ್ಲವೂ ನನ್ನ ಬೆರಳಿನಿಂದಲೇ ಹುಟ್ಟಬೇಕು. ನಾನಿಲ್ಲದಿದ್ದರೆ ರಾಜನೂ ಮೂಕ, ರಾಣಿಯೂ ಮೂಕಿ.

ಆ ಕಾರ್ತಿಕದಲ್ಲಿ ಬಂದದ್ದು ಕುಸ್ತಿಯ ಚಿತ್ರ. ಪಾಳೆಯಗಾರರ ಕಾಲದ ಪೈಲ್ವಾನನೊಬ್ಬ ಸೋತು ಊರು ಬಿಡುತ್ತಾನೆ, ಕೊನೆಯ ರೀಲಿನಲ್ಲಿ ಅದೇ ಅಖಾಡಕ್ಕೆ ಬಂದು ಗೆಲ್ಲುತ್ತಾನೆ. ಬೀರೂರಿನಲ್ಲಿ ಮೂರು ದಿನ, ಆಮೇಲೆ ತರೀಕೆರೆ, ಅಜ್ಜಂಪುರ. ಈ ಸಲ ನನ್ನನ್ನೂ ಕರೆದೊಯ್ಯುವುದಾಗಿ ಸಾಹುಕಾರರು ಮಾತು ಕೊಟ್ಟಿದ್ದರು. ನನ್ನ ಸಂಗೀತ ಅದುವರೆಗೆ ಬೀರೂರಿನ ಗಡಿ ದಾಟಿರಲಿಲ್ಲ. ದಾಟಲೇಬೇಕು ಎಂದು ಹತ್ತು ವರ್ಷದಿಂದ ಕಾಯುತ್ತಿದ್ದೆ.

ಮೊದಲ ದಿನ ಕುಸ್ತಿ ಶುರುವಾದಾಗ ಮೋಹನ ರಾಗ ಹಿಡಿದೆ. ಹಿಂದಿನಿಂದ ಯಾರೋ ಕೂಗಿದರು.

"ಮೇಷ್ಟ್ರೇ, ತೊಟ್ಟಿಲು ತೂಗ್ತಿದ್ದೀರೇನು? ಅಲ್ಲಿ ಕುಸ್ತಿ ನಡೀತೈತೆ ಕಣ್ರೀ!"

ಟೆಂಟಿಗೆ ಟೆಂಟೇ ನಕ್ಕಿತು. ಮಾರನೇ ದಿನ ಸಾಹುಕಾರರು ಸಿಂಗಟಗೆರೆಯ ಗರಡಿಯಲ್ಲಿ ಹಲಗೆ ಬಾರಿಸುವ ಅಂಜಿನಪ್ಪನನ್ನು ಕರೆತಂದು ನನ್ನ ಪಕ್ಕದಲ್ಲೇ ಕೂರಿಸಿದರು. ಸ್ವರ ಗೊತ್ತಿಲ್ಲ, ರಾಗ ಗೊತ್ತಿಲ್ಲ, ಅಕ್ಷರವಂತೂ ಮೊದಲೇ ಗೊತ್ತಿಲ್ಲ. ಆದರೆ ಅವನು ಕೋಲು ಎತ್ತಿದ್ದೇ ತಡ, ಜನ ಮಂಡಿಯ ಮೇಲೆ ಎದ್ದು ಕೂತರು. ನನ್ನ ಹಾರ್ಮೋನಿಯಂ ಸಂತೆಯಲ್ಲಿ ಸೊಳ್ಳೆ ಹಾಡಿದಂತಾಯಿತು.

ಮನೆಗೆ ಬಂದರೆ ನನ್ನ ಹೆಂಡತಿ ತೀರ್ಥಮ್ಮ ಹೇಳಿದಳು, "ಅವ್ನ ಹಲಗೆ ಕೇಳಿ ಎದೆ ಝಲ್ ಅಂತು ಕಣ್ರೀ."

ಮದುವೆಯಾಗಿ ಹದಿನೆಂಟು ವರ್ಷ. ನನ್ನ ಮೋಹನ ರಾಗಕ್ಕೆ ಅವಳ ಎದೆ ಒಂದು ದಿನವೂ ಝಲ್ ಅಂದಿರಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಮೂರನೇ ದಿನ ಬೆಳಿಗ್ಗೆ ಸಾಹುಕಾರರು ಇನ್ನೊಂದು ಬಾಂಬು ಹಾಕಿದರು. "ಗಾಡೀಲಿ ಒಬ್ರಿಗೇ ಜಾಗ ಇರೋದು ಮೇಷ್ಟ್ರೇ. ಇವತ್ತಿನ ಆಟ ನೋಡಿ ಹೇಳ್ತೀನಿ."

ತೀರ್ಥಮ್ಮ ಮಾತ್ರ ನಾನೇ ಹೋಗುವವನೆಂದು ನಂಬಿ, ದಾರಿಗೆಂದು ರೊಟ್ಟಿ ಸುಟ್ಟು, ನನಗೆ ಪ್ರಾಣವಾದ ಹುಚ್ಚೆಳ್ಳು ಚಟ್ನಿಪುಡಿ ಕುಟ್ಟತೊಡಗಿದಳು.

ಹಲಗೆಯ ಗುಟ್ಟು ನನಗೆ ಗೊತ್ತಿತ್ತು. ಇಬ್ಬನಿಯ ತಂಡಿಗೆ ಚರ್ಮ ಸಡಿಲವಾಗುತ್ತದೆ. ರೀಲು ಬದಲಿಸುವಾಗಲೆಲ್ಲ ಅಂಜಿನಪ್ಪ ಟೆಂಟಿನ ಹಿಂದೆ ಹೋಗಿ ಒಂದು ಹಿಡಿ ರಾಗಿಹುಲ್ಲು ಉರಿಸಿ ಹಲಗೆ ಕಾಯಿಸುತ್ತಿದ್ದ. ಸಂಜೆ ನಾನು ಮನೆಯ ಹಿತ್ತಾಳೆ ಬಿಂದಿಗೆ ಹಿಡಿದು, ಕುಡಿಯುವ ನೀರಿಗೆ ಅನ್ನುವಂತೆ ಟೆಂಟಿನ ಹಿಂದಿನ ಬಾವಿಗೆ ಹೋದೆ. ತುಂಬಿದ ಬಿಂದಿಗೆಯನ್ನು ಹುಲ್ಲಿನ ಹೊರೆಯ ಮೇಲೆ ಸುರಿದೆ. ಅಷ್ಟರಲ್ಲಿ ಆಟದ ಗಂಟೆ ಹೊಡೆಯಿತು. ಓಡಿ ಬಂದು ಮಣೆಯ ಮೇಲೆ ಕೂತೆ.

ಹುಲ್ಲು ಹೊಗೆಯಾಡಿತೇ ಹೊರತು ಹತ್ತಲಿಲ್ಲ. ರೀಲಿನಿಂದ ರೀಲಿಗೆ ಹಲಗೆ ಮಂಕಾಯಿತು. ಕೊನೆಯ ಕುಸ್ತಿಯ ಹೊತ್ತಿಗೆ ಒದ್ದೆ ಗೋಣಿಚೀಲ ಬಡಿದಂತೆ ದಬ್ ದಬ್ ಅಂದು, ಪೂರಾ ನಿಂತಿತು. ನನಗೋ ಸ್ವರ್ಗಕ್ಕೆ ಮೂರೇ ಗೇಣು. ತಿದಿಯನ್ನು ಜೋರಾಗಿ ಒತ್ತಿ ನುಡಿಸಿದೆ.

ತಲೆಯೆತ್ತಿ ನೋಡಿದರೆ ಜನ ಎದ್ದು ಟವೆಲು ಕೊಡವುತ್ತಿದ್ದಾರೆ!

ನಮ್ಮ ಸೀಮೆಯ ಗರಡಿಗಳಲ್ಲಿ ಒಂದು ಕಟ್ಟಳೆಯಿದೆ. ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೆ ಹಲಗೆ ನಿಲ್ಲಬಾರದು. ಹಲಗೆ ನಿಂತರೆ ಕುಸ್ತಿ ಮುಗಿದಂತೆ. ಪರದೆಯ ಮೇಲೆ ಇಬ್ಬರೂ ಇನ್ನೂ ಸೆಣಸುತ್ತಿದ್ದರು, ಜನ ಅದನ್ನು ಕಣ್ಣಾರೆ ನೋಡುತ್ತಲೇ ಇದ್ದರು. ಆದರೂ ಕಣ್ಣಿಗಿಂತ ಕಿವಿಯನ್ನೇ ನಂಬಿದರು.

"ಹಲಗೆ ನಿಂತ್ಹೋಯ್ತು, ನಡೀರ್ಲಾ" ಎಂದು ಒಬ್ಬ ಮುದುಕ ಹೊರಟೇಬಿಟ್ಟ.

ಸಾಹುಕಾರರು ತಲೆಯ ಮೇಲೆ ಕೈ ಹೊತ್ತರು. ಆಗ ಅಂಜಿನಪ್ಪ ಹಲಗೆ ಕೆಳಗಿಟ್ಟು, ಪರದೆಯ ಮುಂದೆ ನಿಂತು, ಪಂಚೆ ಎತ್ತಿ ಕಟ್ಟಿ ತೊಡೆ ತಟ್ಟಿದ. ಪೈಲ್ವಾನರು ಸವಾಲು ಹಾಕುವಾಗ ತಟ್ಟುವ ತೊಡೆ! ಹೊರಟಿದ್ದವರು ತಿರುಗಿದರು. ಒಬ್ಬ ತಟ್ಟಿದ, ಇಬ್ಬರು ತಟ್ಟಿದರು, ಆಮೇಲೆ ಇಡೀ ಟೆಂಟು. ಕಂಬ ನಡುಗಿತು. ನಾನು ನುಡಿಸುತ್ತಿದ್ದ ರಾಗ ಯಾವುದೆಂದು ನನಗೇ ಕೇಳಿಸಲಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ಬಿದ್ದಾಗ ಜನ ಅಂಜಿನಪ್ಪನನ್ನೇ ಹೆಗಲ ಮೇಲೆ ಹೊತ್ತರು.

ಗಾಡಿಯಲ್ಲಿ ಜಾಗ ಯಾರಿಗೆಂದು ಇನ್ನು ಕೇಳುವ ಅಗತ್ಯವೇ ಇರಲಿಲ್ಲ.

ಮಾರನೇ ಬೆಳಿಗ್ಗೆ ಅಂಜಿನಪ್ಪ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ನಮ್ಮ ಬಿಂದಿಗೆ. ಗಂಟೆ ಹೊಡೆದ ಗಡಿಬಿಡಿಯಲ್ಲಿ ಅಲ್ಲೇ ಬಿಟ್ಟು ಬಂದಿದ್ದೆ.

"ಹುಲ್ಲಿನ ಹೊರೆ ಹತ್ರ ಬಿದ್ದಿತ್ತು ಕಣಕ್ಕಾ" ಎಂದ ತೀರ್ಥಮ್ಮನಿಗೆ. "ಅದ್ರ ಮೇಲೆ ನಿಮ್ಮ ಹೆಸ್ರು ಐತಂತೆ, ಸಾಹುಕಾರ್ರು ಓದಿ ಹೇಳಿದ್ರು."

ತವರಿನವರು ಮದುವೆಯಲ್ಲಿ ಹೆಸರು ಕೊರೆಸಿ ಕೊಟ್ಟ ಬಿಂದಿಗೆ ಅದು. ನೀರು ಸುರಿಯುವ ಹೊತ್ತಿಗೆ ಅದು ನನಗೆ ಹೊಳೆದೇ ಇರಲಿಲ್ಲ.

ಅಂಜಿನಪ್ಪ ನನ್ನ ಕಡೆ ತಿರುಗಿದ. ಬೈಯಲಿ, ಹೊಡೆಯಲಿ ಎಂದು ಕಾದೆ. "ಮೇಷ್ಟ್ರೇ, ಹುಲ್ಲು ನೆನೀದಿದ್ರೆ ಆ ಉಪಾಯ ನಂಗೆ ಹೊಳೀತಾನೇ ಇರ್ಲಿಲ್ಲ. ಗಾಡಿ ಹೊರಡೋ ಹೊತ್ತಾಯ್ತು, ಬತ್ತೀನಿ" ಎಂದು ಕೈಮುಗಿದ. ಅವನ ಮುಖದಲ್ಲಿ ಕೋಪದ ಎಳೆಯೂ ಇರಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ತೀರ್ಥಮ್ಮ ಬಿಂದಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಒಂಚೂರು ನಿಂತ್ಕೊಳ್ಳಪ್ಪಾ" ಎಂದು ಒಳಗೆ ಹೋದಳು. ನನ್ನ ದಾರಿಗೆಂದು ಕಟ್ಟಿಟ್ಟಿದ್ದ ರೊಟ್ಟಿಯ ಗಂಟು ತಂದು ಅವನ ಕೈಗಿಟ್ಟಳು, ಹುಚ್ಚೆಳ್ಳು ಪುಡಿಯನ್ನೂ ಸೇರಿಸಿ.