ತಿರುಗಿಸಿದ ಜೋಗುಳ

"ಇನ್ನೂ ಮುಗೀಲಿಲ್ವಾ ನಿನ್ನ ಟಿಂಗ್ ಟಿಂಗ್? ಹತ್ತೂವರೆಗೆ ಜನ ಬರ್ತಾರೆ," ಎಂದ ಅಣ್ಣ, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ಅವಳು ತಲೆ ಎತ್ತಲಿಲ್ಲ. ಲೈಬ್ರರಿಯ ಮಹಡಿಯಲ್ಲಿದ್ದ ಹಳೇ ಪಿಯಾನೊದೊಳಗೆ ಮೊಣಕೈತನಕ ಕೈ ಹಾಕಿ, ಒಂದು ತಂತಿಯನ್ನು ಕೂದಲೆಳೆಯಷ್ಟು ಬಿಗಿಯುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಆ ಊರಿನ ಪಿಯಾನೊಗಳಿಗೆಲ್ಲ ಶ್ರುತಿ ಮಾಡುತ್ತ ಬಂದವಳು ಅವಳೇ. ಅಣ್ಣನೋ ಪತ್ರಿಕೆಯಲ್ಲಿ ಸಂಗೀತ ವಿಮರ್ಶೆ ಬರೆದು ಹೆಸರು ಮಾಡಿದವನು. ಇವತ್ತು ಅವನ ಪುಸ್ತಕ ಬಿಡುಗಡೆ. ಒಬ್ಬ ಸಂಗೀತಗಾರನ ಕೃತಿಯ ಎಳೆ ಇನ್ನೊಬ್ಬನ ಕೃತಿಯಲ್ಲಿ ಎಲ್ಲಿ ಅಡಗಿದೆ ಎಂದು ತೋರಿಸುವ ನಲವತ್ತೊಂದು ಅಧ್ಯಾಯಗಳು ಅದರಲ್ಲಿದ್ದವು.

"ಪುಸ್ತಕದಲ್ಲಿ ನನ್ನ ಬಗ್ಗೆ ಒಂದು ಸಾಲು ಬರಿ ಅಂತ ಕೇಳಿದ್ದೆ," ಎಂದಳು.

"ಪುಸ್ತಕ ಅಚ್ಚಾಗಿ ಬಂತು. ಇನ್ನೆಲ್ಲಿ ಬರೀಲಿ, ನನ್ನ ಹಣೆ ಮೇಲಾ?"

"ಬಾಯಲ್ಲೇ ಹೇಳು. ಇದನ್ನೆಲ್ಲ ಮೊದಲು ಕೇಳಿಸಿಕೊಂಡವಳು ನನ್ನ ತಂಗಿ ಅಂತ. ಒಂದೇ ಒಂದ್ಸಲ, ಜನರ ಮುಂದೆ."

"ಚಿಕ್ಕಂದಿನ ಆಟ ಕಣೇ ಅದು. ಜೊತೇಲಿ ಆಡಿದವರಿಗೆಲ್ಲ ನಮಸ್ಕಾರ ಹಾಕ್ತಾ ನಿಂತ್ರೆ ಸಂಜೆ ಆಗುತ್ತೆ."

ಅವಳಿಗೆ ಮೈಯೆಲ್ಲ ಉರಿಯಿತು. ತಂತಿ ಬಿಗಿಯುವ ಕೀಲಿಕೈಯನ್ನು ಪಕ್ಕಕ್ಕಿಟ್ಟಳು. ಸಿಟ್ಟಿನ ಕೈಯಿಂದ ತಂತಿ ಮುಟ್ಟಬಾರದೆಂಬುದು ಅವಳ ಕಸುಬು ಕಲಿಸಿದ ಮೊದಲ ಪಾಠ.

ಆಟವಂತೆ ಆಟ! ಅಪ್ಪ ಪಿಯಾನೊ ಮೇಷ್ಟ್ರು. ಪಾಠದ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಇಬ್ಬರು ಸಂಗೀತಗಾರರ ಎರಡು ಕೃತಿ ನುಡಿಸಿ, "ಇದರಲ್ಲಿರೋದು ಅದರಲ್ಲಿ ಎಲ್ಲಿ ಬಚ್ಚಿಟ್ಟುಕೊಂಡಿದೆ, ಹಿಡೀರಿ ನೋಡೋಣ" ಎನ್ನುತ್ತಿದ್ದರು. ಆ ಮಹಾನುಭಾವರ ಹೆಸರುಗಳಿಗೆ ಮಕ್ಕಳ ನಾಲಿಗೆ ಹೊರಳದ್ದರಿಂದ ಗೋಡೆಯ ಮೇಲಿನ ಚಿತ್ರ ನೋಡಿ ಒಬ್ಬ ವಿಗ್ಗಿನವನು, ಒಬ್ಬ ಗಡ್ಡದವನು, ಸದಾ ಹುಬ್ಬು ಗಂಟಿಕ್ಕಿದ ಇನ್ನೊಬ್ಬ ಗೊಣಗಪ್ಪ ಎಂದು ಹೆಸರಿಟ್ಟುಕೊಂಡಿದ್ದರು. ಅಡಗಿದ ಎಳೆ ಅವಳಿಗೆ ಥಟ್ಟನೆ ಕೇಳುತ್ತಿತ್ತು. ಆದರೆ ಅಪ್ಪನ ಎದುರು ಬಾಯಿ ಬರುತ್ತಿರಲಿಲ್ಲ. ಅಣ್ಣನ ಕಿವಿಯಲ್ಲಿ ಪಿಸುಗುಟ್ಟುವಳು, ಅವನು ಗಟ್ಟಿಯಾಗಿ ಕೂಗುವನು, ಶಹಬ್ಬಾಸ್ ಅವನಿಗೆ. ಇಬ್ಬರೇ ಇದ್ದಾಗ ಮಾತ್ರ ಅವನು ಅವಳನ್ನು "ಕಿವಿ" ಎಂದು ಕರೆಯುತ್ತಿದ್ದ. ಆ ಅಡ್ಡಹೆಸರು ಅವರಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಹತ್ತೂವರೆಗೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ನಿವೃತ್ತ ಸಂಗೀತ ಟೀಚರಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ತಂಗಿ ತನ್ನ ಉಪಕರಣದ ಪೆಟ್ಟಿಗೆ ಹಿಡಿದು ಹಿಂದಿನ ಸಾಲಿನಲ್ಲಿ ಕೂತಳು. ಅಣ್ಣ ಪಿಯಾನೊ ಮುಂದೆ ಕೂತು, ಮೈಕನ್ನು ಬಾಯಿಗೆ ಹೊಂದಿಸಿಕೊಂಡ.

"ಭಾಷಣ ಬೇಡ, ಒಂದು ಆಟ ಆಡೋಣ. ಇದು ನನ್ನ ಪುಸ್ತಕದ ಕೊನೇ ಅಧ್ಯಾಯ, ನನಗೆ ಪ್ರಾಣ. ಎರಡು ಕೃತಿ ನುಡಿಸ್ತೀನಿ. ನಂಟು ಏನು, ಹೇಳಿ."

ಮೊದಲು ವಿಗ್ಗಿನವನ ಜೋಗುಳ ನುಡಿಸಿದ. ಆಮೇಲೆ ಗೊಣಗಪ್ಪನ ಶವಯಾತ್ರೆಯ ನಡಿಗೆ.

ಈ ಜೋಡಿ ಅವಳಿಗೆ ಗೊತ್ತಿತ್ತು. ಅವಳಿಗೆ ಹನ್ನೊಂದಾಗಿದ್ದಾಗ ಪಾಠದ ವೇಳೆ ಟಕ್ ಟಕ್ ಎಂದು ತಾಳ ಹಾಕುವ ಅಪ್ಪನ ಗಡಿಯಾರವನ್ನು ಅಣ್ಣ ಬೀಳಿಸಿ ಒಡೆದು, "ಅವಳೇ ಒಡೆದಿದ್ದು" ಎಂದಿದ್ದ. ಒಂದು ತಿಂಗಳು ಅವಳು ಪಿಯಾನೊ ಮುಟ್ಟುವಂತಿರಲಿಲ್ಲ. ಬಾಗಿಲಾಚೆ ನಿಂತು ಅವನ ಪಾಠ ಕೇಳಿಸಿಕೊಳ್ಳಬೇಕಿತ್ತು. ಶಿಕ್ಷೆ ಮುಗಿದ ದಿನ ಅವನು ಏನೂ ಆಗದವನ ಹಾಗೆ ಹತ್ತಿರ ಬಂದು ಕಿವಿ ಕೊಟ್ಟಾಗ, ಹೊಟ್ಟೆಯ ಕಿಚ್ಚನ್ನೆಲ್ಲ ಸೇರಿಸಿ ಈ ಎರಡು ಕೃತಿಗಳ ಬಗ್ಗೆ ಒಂದು ಸುಳ್ಳು ಊದಿದ್ದಳು. ಅಪ್ಪನ ಮುಂದೆ ಅವನ ಮಾನ ಹೋಗಲಿ ಎಂದು. ಅಷ್ಟರಲ್ಲಿ ಅಪ್ಪನನ್ನು ಯಾರೋ ಹೊರಗೆ ಕರೆದರು. ಸುಳ್ಳು ಅವನಲ್ಲೇ ಉಳಿಯಿತು, ನಲವತ್ತು ವರ್ಷ.

"ಎರಡಕ್ಕೂ ತಾಳ ಒಂದೇನಾ?" ಎಂದರು ಯಾರೋ. "ಇಬ್ಬರೂ ಮಗು ಕಳ್ಕೊಂಡವರಾ?" ಎಂದರು ಇನ್ನಾರೋ. ಅಣ್ಣ ಪ್ರತಿಯೊಂದಕ್ಕೂ ಖುಷಿಯಿಂದ ತಲೆಯಾಡಿಸಿ ಅಲ್ಲ ಎಂದ.

"ಸೋಲೊಪ್ಪಿಕೊಂಡ್ರಾ? ಇರಿ, ಪಿಯಾನೊ ರಿಪೇರಿಯವರೂ ಅಲ್ಲಿ ಹಿಂದೆ ಕೂತಿದಾರೆ, ಅವರನ್ನೂ ಕೇಳಿಬಿಡೋಣ. ಪಾಪ, ಅವರಿಗೆ ಒಂದೊಂದೇ ಸ್ವರ ಕೇಳಿ ಅಭ್ಯಾಸ."

ಜನ ನಕ್ಕರು. ರಿಪೇರಿಯವರು! ತಂಗಿ ಎನ್ನುವ ಮಾತಿರಲಿ, ಗುರುತಿನವಳು ಎಂದೂ ಹೇಳಲಿಲ್ಲ. ಅವಳು ಎದ್ದು ನಿಂತಳು.

"ಜೋಗುಳದ ಮೊದಲ ಸಾಲನ್ನ ಕೊನೆಯಿಂದ ಹಿಂದಕ್ಕೆ ನುಡಿಸಿದ್ರೆ ಶವಯಾತ್ರೆ ನಡಿಗೆ ಆಗುತ್ತೆ."

ಅಣ್ಣನ ನಗು ಅರ್ಧಕ್ಕೇ ನಿಂತಿತು. "ಸರಿ ಉತ್ತರ. ಪುಸ್ತಕ ಆಗಲೇ ಓದಿದೀರಿ ಅನ್ಸುತ್ತೆ."

"ಓದಿಲ್ಲ. ನಾನೇ ಕಟ್ಟಿದ ಸುಳ್ಳು ಅದು. ಬೇಕಾದ್ರೆ ನುಡಿಸಿ ನೋಡಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು, "ನುಡಿಸಿಬಿಡಪ್ಪ, ಅದಕ್ಕೇನಂತೆ," ಎಂದರು.

ಅವನು ಜೋಗುಳದ ಸಾಲನ್ನು ಹಿಂದಕ್ಕೆ ನುಡಿಸಿದ. ಮೊದಲ ನಾಲ್ಕು ಸ್ವರ ಶವಯಾತ್ರೆಯ ನಡಿಗೆಗೆ ಹೊಂದಿದವು. ಸುಳ್ಳಿಗೂ ಒಂದಿಷ್ಟು ನೆಲ ಬೇಕಲ್ಲ, ಹನ್ನೊಂದರ ಹುಡುಗಿ ಅಷ್ಟು ನೋಡಿಯೇ ಹೇಳಿದ್ದಳು. ಐದನೆಯದು ಕಿವಿಗೆ ರಾಚಿತು. ನಿಧಾನವಾಗಿ ಇನ್ನೊಮ್ಮೆ ನುಡಿಸಿದ, ಮತ್ತೆ ಅದೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಣ್ಣ ಆ ಐದನೆಯ ಸ್ವರವನ್ನೇ ಮೂರು ಬಾರಿ ಕುಟ್ಟಿದ.

"ಈ ಸ್ವರ ಇಳಿದುಬಿಟ್ಟಿದೆ. ಬೆಳಿಗ್ಗೆ ತಾನೇ ಶ್ರುತಿ ಮಾಡಿದ್ದಂತೆ. ಮಾಡಿರೋ ಚಂದ ನೋಡಿ!"

ಶ್ರುತಿ ಇಳಿದ ಸ್ವರಕ್ಕೂ ತಪ್ಪಿದ ಸ್ವರಕ್ಕೂ ವ್ಯತ್ಯಾಸ ತಿಳಿಯದ ದಡ್ಡನೇನಲ್ಲ ಅವನು. ಓಡಲು ದಾರಿ ಕಾಣದೆ ಅವಳ ಕೆಲಸದ ಮೇಲೆ ಕಾಲಿಟ್ಟಿದ್ದ, ಅಂದು ಗಡಿಯಾರದ ತಪ್ಪನ್ನು ಹೊರಿಸಿದ ಹಾಗೆಯೇ.

ಅವಳು ಪೆಟ್ಟಿಗೆಯೊಂದಿಗೆ ಮುಂದೆ ನಡೆದಳು. ಬಡಿದರೆ ಒಂದೇ ಸ್ವರ ನುಡಿಯುವ, ಎರಡು ಕವಲಿನ ಉಕ್ಕಿನ ಶ್ರುತಿಕವೆ ತೆಗೆದು, ಮಂಡಿಗೆ ಬಡಿದು, ಅದರ ಬುಡವನ್ನು ಪಿಯಾನೊದ ಮರಕ್ಕೆ ಊರಿದಳು. ಕವೆಯ ಸ್ವರವೇ ಅವಳು ದಿನವೂ ಕೆಲಸ ಶುರುಮಾಡುವ ಸ್ವರ, ಅವನು ಕುಟ್ಟಿದ್ದೂ ಅದನ್ನೇ. ಇನ್ನೊಂದು ಕೈಯಿಂದ ಪಿಯಾನೊದಲ್ಲಿ ಆ ಸ್ವರದ ಕೀಲಿಯನ್ನು ಒತ್ತಿದಳು. ಎರಡು ನಾದ ಒಂದರೊಳಗೊಂದು ಹೊಕ್ಕವು. ಎಳ್ಳಷ್ಟೂ ಅಲುಗಾಟವಿರಲಿಲ್ಲ. ಸಂಗೀತದ ಗಂಧಗಾಳಿ ಇಲ್ಲದವರಿಗೂ ಅದು ಒಂದೇ ಎಂದು ತಿಳಿಯುವಂತಿತ್ತು.

ಅಣ್ಣ ಇಂಗು ತಿಂದ ಮಂಗನಂತೆ ಅವಳನ್ನೇ ನೋಡಿದ. ಮೈಕು ತೆರೆದಿರುವುದು ಅವನಿಗೆ ಮರೆತೇಹೋಗಿತ್ತು.

"ಕಿವಿ," ಎಂದ ಸಣ್ಣಗೆ. "ಉಳಿದ ನಲವತ್ತು ಅಧ್ಯಾಯಕ್ಕೂ ಸ್ವರಲಿಪಿ ತೆಗೆದು ನೋಡಿಲ್ಲ ಕಣೇ. ನೀನು ಹೇಳಿದ್ದು ಯಾವತ್ತಾದರೂ ತಪ್ಪಿತ್ತಾ?"

ಗೋಡೆಯ ಮೇಲಿನ ಎರಡೂ ಸ್ಪೀಕರುಗಳು ಆ ಮಾತನ್ನು ಕೊನೆಯ ಸಾಲಿನತನಕ ಮುಟ್ಟಿಸಿದವು. ಬೆಳಿಗ್ಗೆ ಅವಳು ಬೇಡಿದ್ದು ಇದನ್ನೇ. ಈಗ ಅದು ಸಿಕ್ಕಿತು, ಅವಳು ಹೇಳಿದ ಒಂದೇ ಒಂದು ಸುಳ್ಳಿನ ಬೆನ್ನಿಗೆ. ಅವಳಿಗೆ ಖುಷಿಯೂ ಆಗಲಿಲ್ಲ, ಸಿಟ್ಟೂ ಇಳಿಯಲಿಲ್ಲ.

ಟೀಚರಮ್ಮ ಮಡಿಲಿನ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

ಅವಳು ಶ್ರುತಿಕವೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ ಪಿಯಾನೊದ ಮುಚ್ಚಳ ಹಿಡಿದು ಅರ್ಧಕ್ಕೆ ಇಳಿಸಿದಳು. ಅಣ್ಣನ ಬೆರಳುಗಳು ಇನ್ನೂ ಕೀಲಿಗಳ ಮೇಲೆಯೇ ಇದ್ದವು.

"ಕೈ ತೆಗಿ," ಎಂದಳು.

ಅವನು ತೆಗೆಯಲಿಲ್ಲ. ಮುಚ್ಚಳವನ್ನು ಹಾಗೇ ಹಿಡಿದುಕೊಂಡು ಅವಳು ಕಾದಳು.