ಮೊದಲು ಇಳಿದವನು

“ಇಳೀಲೇ ಬಾಡ್ಯಾ! ಅಗಿಯೂವಾಗ ಕೈ ನಡಗಲಿಲ್ಲ, ಈಗ ಕಾಲ ನಡಗತಾವೇನು?”

ಮುಕಾದಮ ಮನ್ಮಥಪ್ಪ ತನ್ನ ಕೂಲಿಯಾಳು ಧರ್ಮಣ್ಣನ ಕುತ್ತಿಗೆ ಹಿಡಿದು ಕುಣಿಯ ಬಾಯಿಗೆ ದಬ್ಬಿದ. ಮರಾಠಿ ಸೀಮೆಯ ಖುಲ್ತಾಬಾದ್ ರಸ್ತೆಯ ಆ ಆಶ್ರಮದಲ್ಲಿ ಜಯಕರ ಮಹಾರಾಜರು ಜೀವಂತ ಸಮಾಧಿಗೆ ಕೂತು, ಮೂರನೆಯ ದಿನ ಎದ್ದು ಬರುವವರಿದ್ದರು. ಕುಣಿಯಿಂದ ಹಿತ್ತಲಿನ ತುಳಸಿಕಟ್ಟೆಯವರೆಗೆ ಗಾಳಿಗೆಂದು ಕಳ್ಳನಳಿಗೆ ಹೂತವನು ಈ ಧರ್ಮಣ್ಣನೇ. ಅದು ಉಸಿರು ಕೊಡುತ್ತದೋ ಇಲ್ಲವೋ ನೋಡಲು ಈಗ ಒಂದು ಜೀವ ಬೇಕಿತ್ತು.

“ಯಣ್ಣಾ, ನಮ್ಮೂರ ಮಠದಜ್ಜ ಬಾವಿ ಹೂಳ ತಗಸೂವಾಗ ತಾನ ಮೊದಲ ಇಳದಿದ್ದ,” ಎಂದಳು ಅವನ ಹೆಂಡತಿ ಮಲಕವ್ವ. “ಖರೇ ಗುರು ಇದ್ದರ ಇವರೂ ಇಳೀಲಿ.”

ಕಪಾಳಕ್ಕೆ ಬಿತ್ತು. “ರಂಡೆ, ಗುರುವಿನ ಪರೀಕ್ಷಾ ಮಾಡ್ತಿ?”

ಚಪ್ಪಡಿ ಮುಚ್ಚಿ ಸಂದಿಗೆ ಮಣ್ಣು ಮೆತ್ತಿದರು. ಮಹಾರಾಜರು ಉಂಡು ಮಲಗಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದಬದಬ ಬಡಿತ.

“ಎತ್ತರ್ಯೋ! ನಿಮ್ಮ ಕಾಲಿಗೆ ಬೀಳ್ತೀನಿ, ಎತ್ತರಿ!” ಎಂದು ಮಲಕವ್ವ ಒದರಿದಳು.

“ಒದರಬ್ಯಾಡ, ಅವರ ನಿದ್ದಿ ಕೆಡತದ. ಮಹಾರಾಜರು ಹೇಳಲಾರದ ಚಪ್ಪಡಿ ಎತ್ತಾಂಗಿಲ್ಲ,” ಎಂದ ಮನ್ಮಥಪ್ಪ.

ಮಲಕವ್ವ ಉಗುರಿನಿಂದ ಕೆದರಿದಳು. ಉಗುರಿಗೆ ಕಲ್ಲು ಅಲುಗುತ್ತದೆಯೇ? ಬಡಿತ ನಿಂತಿತು. ಮಹಾರಾಜರು ಎದ್ದು, ಚಹಾ ಕುಡಿದು, ಬಂದು, ಚಪ್ಪಡಿ ಎತ್ತಿಸಿ, ಮೇಲೆ ಮಲಗಿಸಿದ ಧರ್ಮಣ್ಣನ ಹೆಣ ದಾಟಿ ಕುಣಿಯೊಳಗೆ ಇಣುಕಿದರು. “ಪಾಯಿಪ್ ಬಾರೀಕ ಆಹೆ,” ಅಂದರು. ನಳಿಗೆ ಸಣ್ಣದಾಯಿತಂತೆ!

“ಪಾಪಿ ಇದ್ದ, ಉಸಿರ ನಿಂತ್ತು,” ಎಂದು ಮನ್ಮಥಪ್ಪ ಎಲ್ಲರಿಗೂ ಸಾರಿದ. ದೊಡ್ಡ ನಳಿಗೆ ಕೂರಿಸಲು ಗಾರೆ ಹೊತ್ತವಳೂ ಮಲಕವ್ವನೇ. ಹೊರದಿದ್ದರೆ ಹೊಟ್ಟೆಗೇನು, ಮಣ್ಣೇ?

ಸಮಾಧಿಯ ದಿನ ನಾಸಿಕದಿಂದ, ಸಿಲ್ಲೋಡಿನಿಂದ ಜನವೋ ಜನ. ಮಹಾರಾಜರು ಹೂವಿನಲ್ಲಿ ಮುಳುಗಿ ಕೆಳಗಿಳಿದರು, ಚಪ್ಪಡಿ ಮುಚ್ಚಿತು. ಬ್ಯಾಂಕ್ ಸಾಹೇಬರ ಹೆಂಡತಿ ಅಂಬುಜಾ ಕಣ್ಣೊರೆಸಿಕೊಂಡು, ಮಲಕವ್ವನಿಗೆ, “ಎಂಥಾ ಪುಣ್ಯಾ ಮಾಡೀಯವ್ವಾ, ಇಂಥಾ ಜಾಗಾದಾಗ ದುಡೀಲಿಕ್ಕೆ!” ಅಂದರು.

ಮಲಕವ್ವ ಗಾರೆಬುಟ್ಟಿ ಹೊತ್ತು ತುಳಸಿಕಟ್ಟೆಗೆ ನಡೆದಳು. ನಳಿಗೆಯ ಬಾಯಿಗೆ ಗಾರೆ ತುರುಕಿ, ಮುಷ್ಟಿಯಿಂದ ಜಡಿದು, ಮೇಲೆ ಕರಣೆ ಎಳೆದಳು.

“ಖರೇ ಗುರು ಇದ್ದರ ಬದುಕ್ಕೊಳ್ಳಲಿ.”

ಭಜನೆಯ ಅಡಿಯಲ್ಲಿ ದಬದಬ ಸುರುವಾಯಿತು. ಮನ್ಮಥಪ್ಪ ಹಾರೆ ಹಿಡಿದು ಚಪ್ಪಡಿಯತ್ತ ಓಡಿದ. ಭಕ್ತರು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಮೂರು ದಿನ ಯಾರೂ ಮುಟ್ಟಬಾರದೆಂದು ಮಹಾರಾಜರದೇ ಅಪ್ಪಣೆಯಾಗಿತ್ತಲ್ಲ!

“ತಬಲಾ ಕೇಳಿಸ್ತದೇನ್ರಿ ಒಳಗಿಂದ?” ಅಂದರು ಅಂಬುಜಾ, ಕೈಮುಗಿದು.

ಜನ ಇನ್ನೂ ಜೋರಾಗಿ ತಾಳ ಕುಟ್ಟಿದರು. ಮಲಕವ್ವ ಖಾಲಿ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂತಳು.