ತಿರುಗಿ ಬಂದ ಬೆಳಕು

ಗುಹೆಯ ಬಾಯಿಂದ ರೋಬೋಟ್ ತೆವಳಿಕೊಂಡು ಹೊರಬಂದಾಗ ಅದರ ಬೆನ್ನ ಮೇಲಿನ ಬಿಸಿ ಹೊದಿಕೆ ಕಟ್ಟಿದಂತೆಯೇ ಇತ್ತು. ಅದನ್ನು ನೋಡಿದ್ದೇ ಪೊಲೋನಾಳ ಎದೆ ಧಸಕ್ಕೆಂದಿತು.

"ಜಾಣ ಕಣೇ ನಿನ್ನ ಪ್ರಾಣಿ," ಎಂದ ರಕ್ಷಣಾ ತಂಡದ ಮುಖ್ಯಸ್ಥ ಸ್ತಾನೆ. "ನೀರು ಏರಿದ್ದು ಕಂಡ ಕೂಡ್ಲೇ ಬಾಲ ಮುದುರ್ಕೊಂಡು ಬಂತು ನೋಡು."

ಒಳಗಿನ ಹೊಳೆ ಉಕ್ಕಿ, ಪೊಲೋನಾಳ ಗೆಳೆಯ ಗಾಶ್ಪರ್ ಕಾಲು ಮುರಿದುಕೊಂಡು ಆಚೆ ಬದಿಯ ಬಂಡೆಯ ಮೇಲೆ ಸಿಕ್ಕಿಬಿದ್ದಿದ್ದ. ಆ ಸೆಳೆತಕ್ಕೆ ಮನುಷ್ಯರು ಇಳಿಯುವಂತಿರಲಿಲ್ಲ. ಹೊದಿಕೆ ಮುಟ್ಟದಿದ್ದರೆ ಅವನು ಚಳಿಗೇ ಸಾಯುತ್ತಿದ್ದ. ಒಳಗೆ ಸಿಗ್ನಲ್ ಸಿಗುವುದಿಲ್ಲ. ಏನೇ ಎದುರಾದರೂ ರೋಬೋಟ್ ತಾನೇ ಯೋಚಿಸಿ, ದಾರಿ ಬದಲಿಸಿಕೊಂಡು ಸಾಗಬೇಕು. ಯಾವುದು ಎಷ್ಟು ಕೆಟ್ಟದ್ದು ಎಂದು ಅದಕ್ಕೆ ಮೊದಲೇ ಕಲಿಸಿದವಳು ಪೊಲೋನಾ.

ಅವಳು ಅದರ ಕ್ಯಾಮೆರಾ ಚಿತ್ರಗಳನ್ನು ನೋಡಿದಳು. ಕೊನೆಯ ತಿರುವಿನಲ್ಲಿ ಗಾಶ್ಪರನ ಹಣೆದೀಪ ಕಾಣುತ್ತದೆ. ಅಲ್ಲಿಂದಲೇ ರೋಬೋಟ್ ತನ್ನ ದೀಪದ ಸಮೇತ ಹಿಂದಕ್ಕೆ ತಿರುಗುತ್ತದೆ.

ತಿರುಗದೆ ಇನ್ನೇನು ಮಾಡೀತು? ಪ್ರಯೋಗಾಲಯದಲ್ಲಿ ಅದಕ್ಕೆ ಕಲಿಸುವಾಗ, ಯಂತ್ರ ಹಾಳಾದರೆ ಪ್ರೊಫೆಸರಿಗೆ ಮುಖ ತೋರಿಸುವುದು ಹೇಗೆಂದು ಹೆದರಿ, ವಾಪಸು ಬಾರದಿರುವುದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಅವಳೇ ಅದರ ತಲೆಗೆ ತುಂಬಿದ್ದಳು. ಗುಹೆಗಿಳಿಯುವವರಲ್ಲಿ ಒಂದು ಕಟ್ಟಳೆಯುಂಟು: ಸಿಕ್ಕಿಬಿದ್ದವನಿಗೆ ನಿನ್ನ ಬೆಳಕು ಕಂಡಿತೋ, ಮತ್ತೆ ಬೆನ್ನು ತೋರಿಸುವಂತಿಲ್ಲ, ಹೋಗಿ ಪಕ್ಕದಲ್ಲಿ ಕೂರಬೇಕು. ಪೊಲೋನಾಳ ಅಪ್ಪ, ಅಜ್ಜ ಎಲ್ಲರೂ ಗುಹೆಗಿಳಿದವರೇ. ಊರಿಗೆಲ್ಲ ಗೊತ್ತಿರುವ ಮಾತನ್ನು ಯಂತ್ರಕ್ಕೆ ಹೇಳಬೇಕೆಂದು ಈ ಮಹಾ ಬುದ್ಧಿವಂತೆಗೆ ಹೊಳೆದಿರಲೇ ಇಲ್ಲ.

"ಸ್ತಾನೆ ಮಾವ, ತಪ್ಪು ನಂದು. ಅಷ್ಟು ಹತ್ರ ಹೋಗಿ ವಾಪಸ್ ಬಂದಿದೆ."

"ಅಳೋದು ಆಮೇಲಿರ್ಲಿ. ಈಗೇನ್ ಮಾಡ್ತೀಯ ಹೇಳು."

"ಮತ್ತೆ ಕಳಿಸ್ತೀನಿ. ಈ ಸಲ ಅದು ವಾಪಸ್ ಬರಲ್ಲ."

"ವರ್ಷಗಟ್ಲೆ ಕೂತು ಮಾಡಿದ್ದಲ್ವೇನೆ ಅದು?"

"ಹೋಗ್ಲಿ ಬಿಡಿ."

ಯಂತ್ರ ಉಳಿಯುವುದು ಇನ್ನು ಲೆಕ್ಕಕ್ಕಿಲ್ಲ, ಮನುಷ್ಯ ಕಂಡರೆ ಅವನ ಬಳಿಯೇ ಇರಬೇಕು ಎಂದು ತಿದ್ದಿ ಅವಳು ಅದನ್ನು ನೀರಿಗೆ ಬಿಟ್ಟಳು. ತಂಡದವರು ಹುಳಿ ಎಲೆಕೋಸಿನ ಸಾರು ಕೊಟ್ಟರು, ಅದನ್ನು ಪಕ್ಕಕ್ಕಿಟ್ಟು ಅವಳು ಗುಹೆಯ ಬಾಯಲ್ಲೇ ಕೂತಳು.

ಮರುದಿನ ನೀರು ಇಳಿದ ಮೇಲೆ ಗಾಶ್ಪರನನ್ನು ಹೊತ್ತು ತಂದರು. ಅವನ ಮೈಮೇಲೆ ಹೊದಿಕೆ ಇತ್ತು. ಅದನ್ನು ಮುಟ್ಟಿಸಿದ ರೋಬೋಟನ್ನು ಆಮೇಲೆ ಬಂದ ನೆರೆ ಎಳೆದುಕೊಂಡು ಹೋಗಿತ್ತು. ಪೊಲೋನಾ ಸ್ಟ್ರೆಚರ್ ಪಕ್ಕ ಓಡಿದಳು.

"ಮೊದಲ್ನೇ ಸಲ ಬಂದು ಹಂಗೇ ತಿರುಗಿ ಹೋಯ್ತು ಕಣೇ," ಎಂದ ಗಾಶ್ಪರ್, ಒಡೆದ ತುಟಿಯಲ್ಲಿ. "ಎಷ್ಟು ಕೂಗ್ದೆ ಗೊತ್ತಾ? ಇನ್ನು ಯಾರೂ ಬರಲ್ಲ ಅಂತ ನನ್ನ ದೀಪಾನೂ ಆರಿಸ್ಬಿಟ್ಟೆ."

ಅವಳು ಜಾರುತ್ತಿದ್ದ ಹೊದಿಕೆಯನ್ನು ಅವನ ಭುಜದವರೆಗೆ ಎಳೆದು ಹೊದಿಸಿದಳು.

"ಅದನ್ನ ಬೈಬೇಡ ಮಾರಾಯ್ತಿ," ಅವನೇ ಸಮಾಧಾನ ಹೇಳಿದ. "ಪಾಪ, ಅದಕ್ಕೂ ಭಯ ಆಗಿರುತ್ತೆ."

"ಅದಕ್ಕೆಲ್ಲಿ ಭಯ?" ಎಂದಳು ಪೊಲೋನಾ. "ಭಯ ಆಗಿದ್ದು ನಂಗೆ ಕಣೋ."